ಮಾವನ ಟ್ರ್ಯಾಕ್ಟರೂ ಅಕ್ಕಿಪೇಟೆಯ ಅಳಿಯನೂ

ಬೆಂಗಳೂರಿನ ಹಳೇ ಪೇಟೆಯಲ್ಲಿ ಮನೆಯಿರುವವರಿಗೆ ನೆಂಟರ ಬರ ಎಂದೂ ಬರುವುದಿಲ್ಲ. ಮದುವೆ ಗೊತ್ತಾದವರು ಲಗ್ನಪತ್ರಿಕೆಗೆಂದು ಸುಲ್ತಾನ್‌ಪೇಟೆಗೆ ಬರುತ್ತಾರೆ, ಸೀರೆಗೆಂದು ಚಿಕ್ಕಪೇಟೆಗೆ ಬರುತ್ತಾರೆ, ಎರಡರ ನಡುವೆ ಕಾಲು ಸೋತಾಗ ಅಕ್ಕಿಪೇಟೆಯ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೆ. ಕಾಫಿ ಕುಡಿದವರು ಸುಮ್ಮನೆ ಏಳುವುದಿಲ್ಲ, ಒಂದು ಕೆಲಸ ಒಪ್ಪಿಸಿ ಏಳುತ್ತಾರೆ. ಹೀಗೆ ವರ್ಷ ಕಳೆದ ಹಾಗೆಲ್ಲ ನೆಂಟರು ಸೇರಿ ನನಗೆ ಒಂದೊಂದು ಖಾತೆ ಹಂಚಿಬಿಟ್ಟಿದ್ದಾರೆ. ತುಮಕೂರಿನ ದೊಡ್ಡಮ್ಮನದು ಔಷಧ ಖಾತೆ, ಅವರ ಬಿ.ಪಿ. ಮಾತ್ರೆ ಹೋಲ್‌ಸೇಲ್ ದರದಲ್ಲಿ ಹೋಗಬೇಕು. ಮೈಸೂರಿನ ಷಡ್ಡಕನದು ಸ್ಟೀಲ್ ಪಾತ್ರೆ ಖಾತೆ. ಮಾಗಡಿ ತಾಲ್ಲೂಕಿನ ನನ್ನ ಸೋದರಮಾವ ಮಾತ್ರ ಎಲ್ಲರಿಗಿಂತ ತೂಕದ್ದನ್ನು ಕೊಟ್ಟಿದ್ದಾರೆ. ನಾನು ಅವರ ಹಳೇ ಟ್ರ್ಯಾಕ್ಟರಿನ ಬಿಡಿಭಾಗಗಳ ಮಂತ್ರಿ.

ಈ ಮಂತ್ರಿಗಿರಿಗೆ ನನ್ನಲ್ಲಿದ್ದ ಅರ್ಹತೆ ವಿಳಾಸ ಒಂದೇ. ನಾನು ಓದಿದ್ದು ವಾಣಿಜ್ಯ, ಮಾಡಿದ್ದು ಲೆಕ್ಕಪತ್ರದ ಕೆಲಸ. ಗೇರ್ ಎಂದರೆ ಬಸ್ಸಿನ ಡ್ರೈವರ್ ಕೈಯಲ್ಲಿ ಅಲುಗಾಡುವ ಕೋಲು ಎಂಬಷ್ಟೇ ತಿಳಿವಳಿಕೆ ನನ್ನದಾಗಿತ್ತು. ಆದರೆ ಮಾವನ ವಾದವೇ ಬೇರೆ. “ಅಕ್ಕಿಪೇಟೇಲಿ ಇದ್ಕೊಂಡು ಒಂದು ಆಯಿಲ್ ಸೀಲ್ ತರಕ್ಕಾಗಲ್ವೇನಪ್ಪ? ನಿಮ್ಮ ಮನೆ ಬಾಗ್ಲಲ್ಲೇ ಎಲ್ಲಾ ಸಿಗ್ತದಲ್ಲ!” ನಮ್ಮ ಮನೆ ಬಾಗಿಲಲ್ಲಿ ಸಿಗುವುದು ಔಷಧ ಸಗಟು ವ್ಯಾಪಾರಿಗಳ ರಟ್ಟಿನ ಪೆಟ್ಟಿಗೆಗಳು, ಅವುಗಳನ್ನು ಹೊರುವ ತಳ್ಳುಗಾಡಿಗಳು, ತಳ್ಳುಗಾಡಿಗೆ ದಾರಿ ಬಿಡದೆ ನಿಂತ ಸ್ಕೂಟರುಗಳು. ಟ್ರ್ಯಾಕ್ಟರಿನ ಸಾಮಾನು ಬೇಕಾದರೆ ಜೆ.ಸಿ. ರಸ್ತೆಗೆ ಹೋಗಬೇಕು. ಬೇರಿಂಗ್, ಬೆಲ್ಟು, ಸೀಲಿಗೆ ಎಸ್.ಜೆ.ಪಿ. ರಸ್ತೆ ಅಲೆಯಬೇಕು. ಡೈನಮೋ, ವೈರಿಂಗ್ ಅಂದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ತಿರುಗಬೇಕು. ಮಾವನ ಭೂಗೋಳದಲ್ಲಿ ಇವೆಲ್ಲವೂ ಅಕ್ಕಿಪೇಟೆಯೇ. ಮಿನರ್ವ ಸರ್ಕಲ್ಲಿನಿಂದ ಮೆಜೆಸ್ಟಿಕ್‌ವರೆಗೆ ಅಳಿಯ ವಾಸವಾಗಿರುವ ಊರು ಅದು.

ಒಮ್ಮೆ ನಾನು ಸ್ವಲ್ಪ ಗೊಣಗಿದೆ. ಮಾವ ಇತಿಹಾಸವನ್ನು ಎಳೆದು ತಂದರು. ಬೆಂಗಳೂರು ಪೇಟೆ ಹುಟ್ಟಿದ ಪ್ರತೀತಿ ಎಲ್ಲರಿಗೂ ಗೊತ್ತಿರುವುದೇ. 1537ರಲ್ಲಿ ಕೆಂಪೇಗೌಡರು ಒಳ್ಳೆಯ ಮುಹೂರ್ತ ನೋಡಿ, ಈಗ ಚಿಕ್ಕಪೇಟೆ ಅವೆನ್ಯೂ ರಸ್ತೆಯನ್ನು ಸೇರುವ ಜಾಗದಲ್ಲಿ ನಾಲ್ಕು ನೇಗಿಲು ಹೂಡಿಸಿ, ನಾಲ್ಕು ದಿಕ್ಕಿಗೆ ಬಿಳಿ ಎತ್ತುಗಳನ್ನು ಹೊಡೆಸಿದರಂತೆ. ಹಲಸೂರಿನ ಕಡೆಗೊಂದು ಗೆರೆ, ಸೊಂಡೆಕೊಪ್ಪದ ಕಡೆಗೊಂದು, ಯಲಹಂಕದ ಕಡೆಗೊಂದು, ಆನೇಕಲ್ಲಿನ ಕಡೆಗೊಂದು. ಆ ಉಳುಮೆಯ ಸಾಲುಗಳೇ ಬೀದಿಗಳಾದವು, ಬೀದಿಗಳ ಅಕ್ಕಪಕ್ಕ ಒಂದೊಂದು ಕಸುಬಿನ, ಸರಕಿನ ಪೇಟೆ ಎದ್ದಿತು. “ನಿಮ್ಮ ಪೇಟೆ ಉತ್ತೋರು ನಮ್ಮ ಕಡೆಯೋರು ಕಣಪ್ಪ. ಆ ಉಳುಮೆ ಕೂಲಿ ಇನ್ನೂ ಬಾಕಿ ಐತೆ” ಎಂದರು ಮಾವ. ಕೆಂಪೇಗೌಡರು ಆಗ ಯಲಹಂಕದ ನಾಡಪ್ರಭುಗಳು, ಬಿಜಾಪುರದ ರಣದುಲ್ಲಾ ಖಾನ್ 1638ರಲ್ಲಿ ಬೆಂಗಳೂರನ್ನು ಹಿಡಿದ ಮೇಲೆಯೇ ಆ ಮನೆತನ ಮಾಗಡಿಯಲ್ಲಿ ನೆಲೆ ನಿಂತದ್ದು ಎಂದು ನಾನು ತಿದ್ದಲು ಹೋದೆ. “ಅದೆಲ್ಲಾ ಇರ್ಲಿ, ಸೀಲ್ ನಾಳೆ ಮಧ್ಯಾಹ್ನದೊಳಗೆ ಬೇಕು” ಎಂದರು.

ಇನ್ನು ಆ ಗಾಡಿಯ ವಿಚಾರ. ಅದು ಎಚ್‌ಎಂಟಿ 2511. ಹೆಸರಿನ ಮೊದಲೆರಡು ಅಂಕಿಯಲ್ಲೇ ಅದರ ತಾಕತ್ತು ಬರೆದಿದೆ: 25 ಅಶ್ವಶಕ್ತಿ. 3511 ಎಂದರೆ 35, 5911 ಎಂದರೆ 59. ಎರಡೇ ಸಿಲಿಂಡರಿನ ಎಂಜಿನ್ ಆದ್ದರಿಂದ ಸದ್ದಿನಲ್ಲಿ ಗಂಭೀರವಾದ ಒಂದು ಬಿಡುವು ಇದೆ. ನಾಲ್ಕು ಸಿಲಿಂಡರಿನ ಗಾಡಿಗಳು ಗಡಿಬಿಡಿಯಲ್ಲಿ ಗುರುಗುಟ್ಟಿದರೆ ಇದು ಒಂದೊಂದು ಮಾತನ್ನೂ ಯೋಚಿಸಿ ಆಡುತ್ತದೆ. ಮಾವ ಅದನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡಾಗ ಅದಕ್ಕೊಂದು ಬಣ್ಣವಿತ್ತು. ಈಗ ಇರುವುದು ಮಾಗಡಿಯ ಕೆಮ್ಮಣ್ಣಿನ ಬಣ್ಣ. ಮಳೆ ನೀರು ಇಳಿಯದಿರಲೆಂದು ಸೈಲೆನ್ಸರಿನ ತುದಿಗೆ ಒಂದು ತಗಡಿನ ಡಬ್ಬ ಕವುಚಿರುತ್ತಾರೆ. ಬೆಳಿಗ್ಗೆ ಅದನ್ನು ತೆಗೆಯಲು ಮರೆತು ಸ್ಟಾರ್ಟ್ ಮಾಡಿದರೆ ಡಬ್ಬ ಹಾರಿ ಹಿತ್ತಿಲಿಗೆ ಬೀಳುತ್ತದೆ, ಅತ್ತೆ ಒಳಗಿನಿಂದಲೇ “ಎದ್ದಾ ನಿಮ್ಮಣ್ಣ?” ಎಂದು ಕೇಳುತ್ತಾರೆ.

ಎಚ್‌ಎಂಟಿ ಎಂದರೆ ಬೆಂಗಳೂರಿನವರಿಗೆ ಮನೆಯ ಹೆಸರು. 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ. ಮೊದಲು ಮಾಡಿದ್ದು ಲೇತ್ ಯಂತ್ರ. 1961ರಿಂದ ಜಪಾನಿನ ಸಿಟಿಜನ್ ಕಂಪನಿಯ ನೆರವಿನಲ್ಲಿ ಕೈಗಡಿಯಾರ. 1971ರಲ್ಲಿ ಟ್ರ್ಯಾಕ್ಟರ್, ಅದು ಮಾತ್ರ ಇಲ್ಲಿ ಅಲ್ಲ, ಹರಿಯಾಣದ ಪಿಂಜೋರಿನಲ್ಲಿ. ಮಾವನ ಎಡಗೈಯಲ್ಲಿ ಎಚ್‌ಎಂಟಿ ಜನತಾ ಗಡಿಯಾರ, ಬಲಗೈಯಲ್ಲಿ ಎಚ್‌ಎಂಟಿ ಟ್ರ್ಯಾಕ್ಟರಿನ ಸ್ಟೀರಿಂಗು. ಎರಡಕ್ಕೂ ದಿನಾ ಬೆಳಿಗ್ಗೆ ಕೀ ಕೊಡಬೇಕು ಎನ್ನುತ್ತಾರೆ ಅವರು. ಆ ಕಂಪನಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಮಾವ ಫೋನ್ ಮಾಡಿ, “ಇನ್ಮೇಲೆ ಕಂಪ್ನಿ ಇಲ್ವಂತೆ. ಎಲ್ಲಾ ನೀನೇ” ಎಂದರು. ಒಂದು ಸಾರ್ವಜನಿಕ ಉದ್ಯಮದ ಜವಾಬ್ದಾರಿ ಇಷ್ಟು ಸರಳವಾಗಿ ಯಾರಿಗೂ ಹಸ್ತಾಂತರವಾಗಿರಲಾರದು.

ಪಿಂಜೋರಿನದೂ ಸ್ವಂತ ವಿನ್ಯಾಸ ಅಲ್ಲ. ಗಾಡಿಯ ಮೂಲ ಆಗಿನ ಚೆಕೊಸ್ಲೊವಾಕಿಯಾದ ಬ್ರನೋ ನಗರದ ಝೆಟಾರ್. ನಮ್ಮ ಮೇಸ್ತ್ರಿಗಳ ಬಾಯಲ್ಲಿ ಜೀಟರ್. ಝೆಟಾರ್ ಹುಟ್ಟಿದ್ದು ಬಂದೂಕಿನ ಕಾರ್ಖಾನೆಯೊಂದರಲ್ಲಿ. ಎರಡನೇ ಮಹಾಯುದ್ಧದ ಹೆಸರಾಂತ ಬ್ರೆನ್ ಗನ್ನಿನ ಮೂಲ ವಿನ್ಯಾಸ ಅಲ್ಲಿಯದು. ಯುದ್ಧ ಮುಗಿಯಿತು, ಆ ಕಾರ್ಖಾನೆ ಟ್ರ್ಯಾಕ್ಟರ್ ಮಾಡತೊಡಗಿತು. ಅವರು ಮುಂದೆ ಮಾಡಿದ ಒಂದು ಜಾಣ ಕೆಲಸದ ಫಲವನ್ನು ನಾನು ಇವತ್ತು ಉಣ್ಣುತ್ತಿದ್ದೇನೆ. ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಗಳನ್ನು ಬೇರೆ ಬೇರೆಯಾಗಿ ರಚಿಸದೆ, ಪಿಸ್ಟನ್ನು, ಲೈನರಿನಂಥ ಭಾಗಗಳನ್ನು ಎಲ್ಲಕ್ಕೂ ಹೊಂದುವಂತೆ ಮಾಡಿದರು. ಹೀಗಾಗಿ 2511ರ ಸಾಮಾನು ಅಂಗಡಿಯಲ್ಲಿ ಇಲ್ಲವೆಂದರೂ ದೊಡ್ಡ ಗಾಡಿಗಳ ಸಾಮಾನಿನ ನಡುವೆ ಎಲ್ಲೋ ಸಿಗುವ ಆಸೆ ಇರುತ್ತದೆ. ಬ್ರನೋದ ಯಾವನೋ ಎಂಜಿನಿಯರ್ ಕಾಗದದ ಮೇಲೆ ಗೆರೆ ಎಳೆಯುವಾಗ ಜೆ.ಸಿ. ರಸ್ತೆಯಲ್ಲಿ ಬೆವರೊರೆಸಿಕೊಂಡು ನಿಲ್ಲುವ ನನ್ನನ್ನು ನೆನೆದಿರಲಾರ, ಆದರೂ ಅವನಿಗೆ ನನ್ನದೊಂದು ನಮಸ್ಕಾರ.

ಗಾಡಿ ಕೆಟ್ಟ ಸುದ್ದಿ ಯಾವಾಗಲೂ ಸದ್ದಿನ ರೂಪದಲ್ಲಿ ಬರುತ್ತದೆ. ಮಾವ ಫೋನಿನಲ್ಲಿ ಕಾಯಿಲೆಯನ್ನು ವಿವರಿಸುವುದಿಲ್ಲ, ನಟಿಸಿ ತೋರಿಸುತ್ತಾರೆ. “ಮೊದ್ಲು ಟಕ್ ಟಕ್ ಟಕ್ ಅಂತಿತ್ತು, ಈಗ ಟಟಕ್... ಟಕ್... ಟಟಕ್ ಅಂತದೆ.” ಪಕ್ಕದಲ್ಲಿ ಮೇಸ್ತ್ರಿ ನಿಂತಿರುತ್ತಾನೆ. ಅವನ ತನಿಖೆಯ ಸಾಧನ ಒಂದು ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿದರೆ ಒಳಗಿನ ಯಾವ ಭಾಗ ಸಡಿಲವಾಗಿದೆ ಎಂದು ಹೇಳುತ್ತಾನೆ. ಎರಡನೆಯ ಸಾಕ್ಷಿ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಗಾಳಿಯ ಫಿಲ್ಟರಿನಲ್ಲಿ ಅರ್ಧ ಹೊಲವೇ ತುಂಬಿರುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಸವೆದಿದೆ. ಬಿಳಿ ಹೊಗೆ ಬಿಡದೆ ಬಂದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೇ ನೀರು ಸೇರುತ್ತಿದೆ. ಈ ಮೂರು ಬಣ್ಣಗಳ ಪಾಠ ಕಲಿತ ಮೇಲೆ ನಾನು ಬಿ.ಎಂ.ಟಿ.ಸಿ. ಬಸ್ಸುಗಳನ್ನೂ ಹಿಂದಿನಿಂದ ಪರೀಕ್ಷೆ ಮಾಡುತ್ತ ನಡೆಯುವ ಚಟ ಹಚ್ಚಿಕೊಂಡೆ.

ಈಚೆಗೆ ಬಂದ ಕಾಯಿಲೆ ಸದ್ದಿನದಲ್ಲ. ಕೃತ್ತಿಕೆ ಮಳೆಗೆ ಮೊದಲು ಒಂದು ಉಳುಮೆ ಆಗಬೇಕೆಂದು ಗಾಡಿ ಹೊರಡಿಸಿದವರು ಆಯಿಲ್ ಕಡ್ಡಿ ಎಳೆದು ನೋಡಿದರೆ ಕರ್ರಗಿರಬೇಕಾದ ಎಣ್ಣೆ ಬೆಳ್ಳಗೆ ತಿರುಗಿತ್ತು. ಮೇಸ್ತ್ರಿ ಸ್ಕ್ರೂಡ್ರೈವರ್ ಕೆಳಗಿಟ್ಟ. “ನೀರು ಇಳಿದದೆ. ಬಿಚ್ಚಬೇಕು.” ಈ ಎಂಜಿನ್ನಿನಲ್ಲಿ ಪಿಸ್ಟನ್ ಓಡಾಡುವ ಲೈನರ್ ಬೇರೆಯಾಗಿ ಕೂರುವ ಕೊಳವೆ, ಅದರ ಸುತ್ತ ತಣಿಸುವ ನೀರು ನೇರವಾಗಿ ಹರಿಯುತ್ತದೆ. ನೀರು ಕೆಳಗಿನ ಎಣ್ಣೆಗೆ ಇಳಿಯದಂತೆ ತಡೆಯುವುದು ಲೈನರಿನ ಬುಡದ ರಬ್ಬರ್ ರಿಂಗುಗಳು. ಬಿಸಿ ತಣ್ಣಗೆಗಳ ನಡುವೆ ವರ್ಷಗಟ್ಟಲೆ ಕೂತು ರಬ್ಬರು ಕಲ್ಲಾಗುತ್ತದೆ, ಬಿರುಕು ಬಿಡುತ್ತದೆ, ನೀರು ದಾರಿ ಕಂಡುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಬೇರಿಂಗಿಗೆ ಹೋದರೆ ಕ್ರ್ಯಾಂಕೇ ಹಾಳು. ಒಂದು ಕಾಫಿಯ ಬೆಲೆಯ ರಿಂಗಿಗಾಗಿ ತಲೆಯಿಂದ ತಳದವರೆಗೆ ಇಡೀ ಎಂಜಿನ್ ಬಿಚ್ಚಬೇಕಾಯಿತು. ಹಳೇ ಗಾಡಿಯನ್ನು ಬಿಚ್ಚಿದವರು ಒಂದಕ್ಕೇ ನಿಲ್ಲುವುದು ಸಾಧ್ಯವಿಲ್ಲ. “ಹೆಂಗೂ ಬಿಚ್ಚಿದೀವಿ” ಎಂಬ ಮಾತು ಶುರುವಾಯಿತು. ಹೆಂಗೂ ಬಿಚ್ಚಿದೀವಿ, ಪಿಸ್ಟನ್ ರಿಂಗೂ ಹಾಕ್ಬುಡಣ. ಹೆಂಗೂ ಬಿಚ್ಚಿದೀವಿ, ಪಂಪೂ ತೋರಿಸ್ಬುಡಣ. ಹೆಂಗೂ ಬಿಚ್ಚಿದೀವಿ, ಮುಂದಿನ ಚಕ್ರದ ಬುಷ್ಷೂ ಆಡ್ತದೆ. ಪಟ್ಟಿ ಬೆಳೆದು ನನ್ನ ಫೋನಿಗೆ ಬಂತು, ಬೆನ್ನಿಗೇ ಒಂದು ಗೋಣಿಚೀಲ ಮಾರ್ಕೆಟ್ಟಿನ ಬಸ್ಸಿನಲ್ಲಿ ಬಂತು.

ಗೋಣಿಚೀಲ ಬಂದದ್ದಕ್ಕೆ ಕಾರಣ ಇದೆ. ಬಿಡಿಭಾಗದ ಅಂಗಡಿಗಳ ಲೋಕದಲ್ಲಿ ಒಂದೇ ಒಂದು ಕಾನೂನು: ಸ್ಯಾಂಪಲ್. ಗಾಡಿಯ ಹೆಸರು ಹೇಳಿ, ಇಸವಿ ಹೇಳಿ, ಫೋಟೊ ತೋರಿಸಿ, ಎಲ್ಲ ಕೇಳಿಸಿಕೊಂಡು ಕೊನೆಗೆ ಅಂಗಡಿಯವರು ಕೈಚಾಚುತ್ತಾರೆ: “ಸ್ಯಾಂಪಲ್ ತಂದಿದ್ದೀರಾ?” ಇದು ಸೋಮಾರಿತನವಲ್ಲ, ಅನುಭವ. ಹಳೇ ಗಾಡಿ ಕಾಗದದಲ್ಲಿ ಇರುವಂತೆ ಹೊಲದಲ್ಲಿ ಇರುವುದಿಲ್ಲ. ಮಧ್ಯೆ ಯಾವ ಮೇಸ್ತ್ರಿ ಯಾವ ಗಾಡಿಯ ಯಾವ ಭಾಗ ಕೂರಿಸಿದ್ದಾನೋ, ಯಾವ ಬೋಲ್ಟಿನ ಮರೆ ಸವೆದು ದಪ್ಪದ್ದು ಹಾಕಿದ್ದಾನೋ ಕ್ಯಾಟಲಾಗಿಗೆ ಗೊತ್ತಿಲ್ಲ. ಆದ್ದರಿಂದ ಸವೆದ ಭಾಗವೇ ಸಾಕ್ಷಿ ಹೇಳಬೇಕು. ನಾನು ಎಣ್ಣೆ ಒಸರುವ ಚೀಲ ಹಿಡಿದು ಎಸ್.ಜೆ.ಪಿ. ರಸ್ತೆಯಲ್ಲಿ ಹೊರಟರೆ ಎದುರಿಗೆ ಬರುವವರು ತಾವಾಗಿಯೇ ದಾರಿ ಬಿಡುತ್ತಾರೆ. ಇಡೀ ಪೇಟೆಯಲ್ಲಿ ಅಷ್ಟು ಮರ್ಯಾದೆ ನನಗೆ ಬೇರೆ ಯಾವ ವೇಷದಲ್ಲೂ ಸಿಕ್ಕಿಲ್ಲ.

ರಬ್ಬರ್ ರಿಂಗಿನ ಅಂಗಡಿಯ ಯಜಮಾನರು ಹಿರಿಯರು. ಗೋಡೆಗೆ ಮೊಳೆ ಹೊಡೆದು ಅಳತೆವಾರು ರಿಂಗುಗಳನ್ನು ನೇತು ಹಾಕಿದ್ದಾರೆ. ನಾನು ಕೊಟ್ಟ ಬಿರುಕುಬಿಟ್ಟ ತುಂಡನ್ನು ಅವರು ಮೊದಲು ಮೂಗಿಗೆ ಹಿಡಿದರು, ಆಮೇಲೆ ಉಗುರಿನಿಂದ ಒತ್ತಿದರು, ಕೊನೆಗೆ ಅಳತೆ ಮಾಡಿದರು. “ಮಾಮೂಲಿ ರಬ್ಬರ್ ಹಾಕಿದ್ದಾರೆ. ಬಿಸಿ ಎಣ್ಣೆಗೆ ಇದು ತಡೆಯಲ್ಲ” ಎಂದು ಬೇರೆ ಜಾತಿಯದನ್ನು ತೆಗೆದು, ಅದನ್ನು ಕೂರಿಸುವ ವಿಧಾನವನ್ನೂ ಹೇಳಿಕೊಟ್ಟರು: ಗ್ರೀಸು ಬೇಡ, ಸಾಬೂನು ನೀರು ಸವರಿ, ತಿರುಚದಂತೆ ಇಳಿಸಿ, ಒಂದು ಸುತ್ತು ಬೆರಳು ಆಡಿಸಿ ನೋಡಿ. ಮಾರಿದ್ದು ಜುಜುಬಿ ಬೆಲೆಯ ಸರಕು, ಕೊಟ್ಟದ್ದು ಅರ್ಧ ಗಂಟೆಯ ಪಾಠ. ನಾನು ಅದನ್ನು ಯಥಾವತ್ತಾಗಿ ಫೋನಿನಲ್ಲಿ ಮೇಸ್ತ್ರಿಗೆ ಒಪ್ಪಿಸಿದೆ. ಅವನು “ಗೊತ್ತು ಸಾರ್” ಎಂದ. ಆ ‘ಗೊತ್ತು’ ಸ್ವಲ್ಪ ತಡವಾಗಿ ಬಂತು.

ಬೇರಿಂಗಿನ ಅಂಗಡಿಯಲ್ಲಿ ನಾನು ಕಲಿತ ವಿದ್ಯೆ ನನ್ನ ವೃತ್ತಿಗೆ ಹತ್ತಿರದ್ದು, ಅಂಕಿಗಳದು. ಬೇರಿಂಗಿನ ಅಂಚಿನಲ್ಲಿ 6308 ಎಂದು ಕೊರೆದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಬೇಕು: ಎಂಟೈದಲೆ ನಲವತ್ತು. ಅದರ ಒಳವ್ಯಾಸ 40 ಮಿಲಿಮೀಟರ್. 6205 ಆದರೆ 25. ಲೋಕದ ಯಾವ ಮೂಲೆಯಲ್ಲಿ ತಯಾರಾದರೂ, ಜೈಪುರವಾಗಲಿ ಜಪಾನಾಗಲಿ, ಈ ಲೆಕ್ಕ ತಪ್ಪುವುದಿಲ್ಲ. ದೇಶ ದೇಶಗಳು ಒಪ್ಪಿ ನಡೆಯುವ ಸಂಗತಿಗಳು ಎಷ್ಟಿವೆಯೋ ನಾನರಿಯೆ. ಬೇರಿಂಗಿನ ನಂಬರಿನ ವಿಷಯದಲ್ಲಂತೂ ತಕರಾರಿಲ್ಲ. ಈ ಗುಟ್ಟು ಗೊತ್ತಾದ ದಿನ ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತು ಪೆಟ್ಟಿಗೆಗಳ ನಂಬರುಗಳನ್ನೆಲ್ಲ ಗುಣಿಸಿದೆ. ಅಂಗಡಿಯ ಹುಡುಗ ಮರುಕದಿಂದ ಒಂದು ಲೋಟ ಟೀ ತರಿಸಿದ.

ಅಂಗಡಿಯಲ್ಲಿ ಸಿಗದೆ ಹೋದದ್ದು ಮುಂದಿನ ಚಕ್ರದ ಬುಷ್. ಒಂದು ಭಾನುವಾರ ಗುಜರಿ ಬಜಾರಿನ ನೆಲದಂಗಡಿಗಳನ್ನೆಲ್ಲ ಬಗ್ಗಿ ನೋಡಿದೆ. ಒಡೆದ ಗ್ರಾಮಫೋನಿನಿಂದ ಹಿಡಿದು ಯಾರದೋ ಕಟ್ಟಿದ ಹಲ್ಲಿನ ಸೆಟ್ಟಿನವರೆಗೆ ಎಲ್ಲ ಇತ್ತು, ಬುಷ್ ಇರಲಿಲ್ಲ. ಇಂಥ ಹೊತ್ತಿಗೆ ಪೇಟೆಯಲ್ಲಿ ಉಳಿದಿರುವ ದಾರಿ ಲೇತ್. ಕಾಟನ್‌ಪೇಟೆಯ ಕಡೆಯ ಸಂದಿಯೊಂದರಲ್ಲಿ, ಎರಡು ಗೋಡೌನುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಕೋಣೆಯ ಕಾರ್ಖಾನೆ ಅದು. ಯಂತ್ರದ ಹಣೆಯ ಮೇಲೆ ಎಚ್‌ಎಂಟಿ ಎಂಬ ಅದೇ ಮೂರಕ್ಷರ. ಲೇತಿನ ಮೇಸ್ತ್ರಿ ಹಳೇ ಬುಷ್ಷನ್ನು ಬೆರಳಿಗೆ ಹಾಕಿ ತಿರುಗಿಸಿ, “ಇದು ಮೊಟ್ಟೆ ಆಕಾರಕ್ಕೆ ಬಂದಿದೆ, ಇದರ ಅಳತೆ ನಂಬೋ ಹಾಗಿಲ್ಲ. ಒಳಗೆ ಹೋಗೋ ಪಿನ್ ತನ್ನಿ” ಎಂದರು. ಪಿನ್ನು ಮಾರನೆಯ ದಿನ ಬಸ್ಸಿನಲ್ಲಿ ಬಂತು. ಅವರು ಗನ್‌ಮೆಟಲ್ಲಿನ ತುಂಡೊಂದನ್ನು ಕಚ್ಚಿಸಿ, ಚಿನ್ನದ ಬಣ್ಣದ ಸುರುಳಿಗಳನ್ನು ಉದುರಿಸುತ್ತ, ನಡುನಡುವೆ ಯಂತ್ರ ನಿಲ್ಲಿಸಿ ಮೈಕ್ರೊಮೀಟರ್ ಹಿಡಿದು, “ಇನ್ನೆರಡು ಥೌ” ಎಂದು ತಮಗೇ ಹೇಳಿಕೊಂಡರು. ಥೌ ಎಂದರೆ ಅಂಗುಲದ ಸಾವಿರ ಪಾಲಿನಲ್ಲಿ ಒಂದು. ಇಡೀ ಬೆಂಗಳೂರು ಅಂದಾಜಿನಲ್ಲಿ ನಡೆಯುವಾಗ ಈ ಸಂದಿಯಲ್ಲೊಬ್ಬರು ಅಂಗುಲವನ್ನು ಸಾವಿರ ಪಾಲು ಮಾಡಿಕೊಂಡು ಕೂತಿದ್ದಾರೆ. ಪಿನ್ನನ್ನು ಬುಷ್ಷಿಗೆ ಬಿಟ್ಟರು. ಅದು ಬೀಳಲೂ ಇಲ್ಲ, ನಿಲ್ಲಲೂ ಇಲ್ಲ, ನಿಧಾನವಾಗಿ ಇಳಿಯಿತು.

ಪಂಪಿನ ಕಥೆ ಬೇರೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಅದು ಕಾದು ಕೆಂಡವಾದ ಕ್ಷಣಕ್ಕೆ ಸರಿಯಾಗಿ ಡೀಸೆಲನ್ನು ಮಂಜಾಗಿ ಚಿಮ್ಮಿಸಬೇಕು, ಅಷ್ಟೆ. ಚಿಮ್ಮಿಸುವ ಕೆಲಸ ನಾಝಲ್ಲಿನದು, ಅದಕ್ಕೆ ಒತ್ತಡ ಕೊಡುವುದು ಪಂಪು. ಪಂಪಿನ ಒಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನು. ನಮ್ಮ ತಲೆಗೂದಲು ಅದರ ಮುಂದೆ ತೊಲೆ. ಒಂದರ ಪ್ಲಂಜರ್ ಇನ್ನೊಂದರ ಗೂಡಿಗೆ ಹಾಕುವಂತಿಲ್ಲ, ಜೋಡಿಯಾಗಿ ಹುಟ್ಟಿದವು ಜೋಡಿಯಾಗಿಯೇ ಸವೆಯಬೇಕು. ಮಾವನ ಗಾಡಿಯ ಪಂಪಿನ ಮೇಲೆ ಇರುವ ಹೆಸರು ಮೈಕೋ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಆ ಕಾರ್ಖಾನೆ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬಡಾವಣೆಯ ಹೆಸರು, ಪಂಪಿನ ಹೆಸರು ಮೈಕೋ ಆಗಿಯೇ ಉಳಿದಿವೆ. ಹಾಗೆ ನೋಡಿದರೆ ಗಾಡಿ ಮಾಗಡಿಯದಾದರೂ ಅದರ ಎದೆ ಬೆಂಗಳೂರಿನದು. ಟೆಸ್ಟ್ ಬೆಂಚಿನ ಮೇಲೆ ಪಂಪನ್ನು ಕೂರಿಸಿ ತಿರುಗಿಸಿದರು. ಎರಡು ಗಾಜಿನ ನಳಿಕೆಗಳಲ್ಲಿ ಎಣ್ಣೆ ಏರಿತು, ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಎರಡೂ ಒಂದೇ ಗೆರೆಗೆ ಬರುವವರೆಗೆ ತಿದ್ದಿ ಸೀಲ್ ಮಾಡಿ ಕೊಟ್ಟರು.

ಕಾಯುತ್ತ ಕೂತಾಗ ನಾನು ಮಾವನಿಗೆ ಫೋನ್ ಮಾಡಿ ಓದಿದ್ದೊಂದನ್ನು ಹೇಳಿದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದ್ದರು. ಮಾವ ಪ್ರತಿ ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಗೆ ಕಡಲೆಕಾಯಿ ತರುವ ಊರಿನವರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಈಗ ಕಳ್ಳೆಕಾಯಿ ಎಣ್ಣೆ ರೇಟು ನೋಡಿದ್ಯಾ? ಅದನ್ನ ಕುಡಿಸೋ ಹಂಗಿದ್ರೆ ಟ್ರ್ಯಾಕ್ಟರ್‌ನ ಗುಡೀಲಿ ಬಸವಣ್ಣನ ಪಕ್ಕ ನಿಲ್ಲಿಸ್ಬೇಕಾಗ್ತದೆ” ಎಂದರು.

ಸಾಮಾನೆಲ್ಲ ಸೇರಿದ ಮೇಲೆ ಈ ಸಲ ಬಸ್ಸಿಗೆ ಒಪ್ಪಿಸದೆ ನಾನೇ ಹೊರಟೆ. 2017ರಿಂದ ಚಿಕ್ಕಪೇಟೆಗೆ ಮೆಟ್ರೊ ಇದೆ; ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಮಾಗಡಿ ರಸ್ತೆಯಲ್ಲಿ ಇಳಿದರೆ ಮುಂದೆ ಬಸ್ಸು. ನಿಲ್ದಾಣದ ತಪಾಸಣೆಯ ಯಂತ್ರದೊಳಗೆ ಚೀಲ ಹೋಯಿತು, ಪಟ್ಟಿ ನಿಂತಿತು. ಪರದೆಯ ಮೇಲೆ ಎರಡು ನಾಝಲ್ಲುಗಳು ಗುಂಡುಗಳ ಆಕಾರದಲ್ಲಿ ಮಲಗಿದ್ದವು. ಕಾವಲಿನ ಹೆಣ್ಣುಮಗಳು “ಏನ್ ಸಾರ್ ಇದು?” ಎಂದಳು. “ಟ್ರ್ಯಾಕ್ಟರ್‌ದಮ್ಮ, ಡೀಸೆಲ್ ಹೊಡೆಯೋದು” ಎಂದೆ. ಹೊಡೆಯೋದು ಎಂಬ ಮಾತು ಆ ಜಾಗಕ್ಕೆ ಹೇಳಿ ಮಾಡಿಸಿದ್ದಲ್ಲ. ಬ್ರನೋದ ಬಂದೂಕಿನ ಕಾರ್ಖಾನೆ ನೆನಪಾಗಿ ನಗು ಬೇರೆ ಬಂತು. ಮೇಲಧಿಕಾರಿ ಬಂದರು. ಅವರು ಚನ್ನರಾಯಪಟ್ಟಣದ ಕಡೆಯವರು, ಒಂದನ್ನು ಎತ್ತಿ ನೋಡಿ, “ನಾಝಲ್ ಅಲ್ವಾ? ನಮ್ಮದೂ ಸೋರ್ತಾ ಇದೆ. ಎಲ್ಲಿ ಮಾಡಿಸಿದ್ರಿ?” ಎಂದು ವಿಳಾಸ ಬರೆದುಕೊಂಡು ಬಿಟ್ಟುಕೊಟ್ಟರು.

ಊರಿನಲ್ಲಿ ಹುಣಸೆ ಮರದ ಕೆಳಗೆ ಗಾಡಿ ನಿಂತಿತ್ತು. ಗೋಣಿತಾಟಿನ ಮೇಲೆ ಡೀಸೆಲ್ಲಿನಲ್ಲಿ ತೊಳೆದ ಭಾಗಗಳು ಮದುವೆ ಮನೆಯ ಪಂಕ್ತಿಯಂತೆ ಸಾಲಾಗಿ ಕೂತಿದ್ದವು. ಬಿಚ್ಚಿದ ವರಸೆಯಲ್ಲೇ ಕೂತಿದ್ದವು, ಯಾರೂ ಜಾಗ ಬದಲಿಸುವಂತಿರಲಿಲ್ಲ. ಲೈನರ್ ಇಳಿಯಿತು, ರಿಂಗುಗಳ ಬಾಯಿ ಒಂದರ ಮೇಲೊಂದು ಬಾರದ ಹಾಗೆ ತಿರುಗಿಸಿ ಪಿಸ್ಟನ್ ಇಳಿಯಿತು. ಹೆಡ್ಡಿನ ನಟ್ಟುಗಳನ್ನು ಮೇಸ್ತ್ರಿ ನಡುವಿನಿಂದ ಹೊರಕ್ಕೆ, ಸುತ್ತು ಸುತ್ತಿಗೆ ಸ್ವಲ್ಪ ಸ್ವಲ್ಪವೇ ಬಿಗಿದ. ಒಂದನ್ನೇ ಪೂರ್ತಿ ಬಿಗಿದರೆ ಹೆಡ್ಡು ಇನ್ನೊಂದು ಕಡೆ ಕಣ್ಣಿಗೆ ಕಾಣದಷ್ಟು ಏಳುತ್ತದೆ, ಕಂಪ್ರೆಶನ್ ಅಲ್ಲಿಂದಲೇ ಹೋಗುತ್ತದೆ. ಕೊನೆಗೆ ಏರ್ ತೆಗೆಯುವ ಕೆಲಸ. ಡೀಸೆಲ್ ದಾರಿಯಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಪಂಪು ಆ ಗಾಳಿಯನ್ನೇ ಹಿಸುಕುತ್ತ ಕೂರುತ್ತದೆ, ಡೀಸೆಲ್ ಮುಂದಕ್ಕೆ ಹೋಗುವುದಿಲ್ಲ. ಫಿಲ್ಟರಿನ ತಿರುಪು ಸಡಿಲಿಸಿ ಕೈಪಂಪು ಒತ್ತಿದರು. ನೊರೆ ಬಂತು, ಗುಳ್ಳೆ ಬಂತು, ಗುಳ್ಳೆ ನಿಂತು ತಿಳಿ ಡೀಸೆಲ್ ಬಂತು, ತಿರುಪು ಬಿಗಿದರು. ಬ್ಯಾಟರಿ ಎಂದಿನಂತೆ ಕೈಕೊಟ್ಟಿತು. ಮಾವ ಗಾಡಿಯನ್ನು ಇಳಿಜಾರಿನ ಮೇಲೆಯೇ ಏಕೆ ನಿಲ್ಲಿಸುತ್ತಾರೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ನಾಲ್ಕು ಜನ ನೂಕಿದೆವು, ಗೇರಿಗೆ ಬಿಟ್ಟರು. ಎರಡು ಸಲ ಕೆಮ್ಮಿತು, ಒಂದು ಕರಿಯ ಉಂಡೆ ಹೊಗೆ ಉಗುಳಿತು, ಆಮೇಲೆ ಹಳೇ ಗಾಂಭೀರ್ಯದಿಂದ ಮಾತಿಗೆ ತೊಡಗಿತು. ಮೇಸ್ತ್ರಿ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ತಲೆಯಾಡಿಸಿದ.

ಊಟಕ್ಕೆ ಕೂತಾಗ ಮಾವನ ಮಗ ವಿಷಯ ಎತ್ತಿದ. ಅವನು ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಲೆಕ್ಕ ಬಲ್ಲವನು. ಇರುವ ಜಮೀನಿಗೆ ವರ್ಷದಲ್ಲಿ ಗಾಡಿ ಓಡುವ ದಿನಗಳು ಬೆರಳೆಣಿಕೆ. ಇದನ್ನು ಮಾರಿ ಹೊಸದು ತರಬೇಕು, ಇಲ್ಲವೇ ಸರ್ಕಾರದ ಕೃಷಿ ಯಂತ್ರಧಾರೆಯಿಂದ ಗಂಟೆ ಬಾಡಿಗೆಗೆ ತಂದರೆ ಮುಗಿಯಿತು ಎಂಬುದು ಅವನ ವಾದ. ವಾದ ಸರಿಯಾಗಿಯೇ ಇತ್ತು. ಬಾಡಿಗೆ ಗಾಡಿ ಎಲ್ಲರಿಗೂ ಬೇಕಾಗುವುದು ಒಂದೇ ಮಳೆಯ ಮಾರನೆಯ ದಿನ ಎಂದು ಮಾವ ಹೇಳಿದ್ದೂ ಸರಿಯಾಗಿಯೇ ಇತ್ತು. ಕೆಮ್ಮಣ್ಣಿನ ಹದ ಎರಡು ದಿನ ಕಾಯುತ್ತದೆ, ಮೂರನೆಯ ದಿನ ನೇಗಿಲನ್ನು ಒಳಗೆ ಬಿಡುವುದಿಲ್ಲ. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕದಿರಲು ನನ್ನದೇ ಸ್ವಾರ್ಥವಿತ್ತು. ಹೊಸ ಗಾಡಿ ಬಂದರೆ ಕಂಪನಿಯ ವ್ಯಾನೇ ಹೊಲಕ್ಕೆ ಬಂದು ರಿಪೇರಿ ಮಾಡಿ ಹೋಗುತ್ತದೆ. ಅಕ್ಕಿಪೇಟೆಗೆ ಫೋನ್ ಮಾಡುವ ಕಾರಣವೇ ಇರುವುದಿಲ್ಲ. ಮದುವೆ, ತಿಥಿ ಬಿಟ್ಟರೆ ಊರಿಗೂ ಪೇಟೆಗೂ ಈಗ ಉಳಿದಿರುವ ಕೊಡುಕೊಳ್ಳುವಿಕೆ ಎಷ್ಟು? ಹಿಂದೆ ಊರಿನ ಧಾನ್ಯ ಎತ್ತಿನಗಾಡಿಯಲ್ಲಿ ನಮ್ಮ ಬೀದಿಗೆ ಬಂದು ಇಳಿಯುತ್ತಿತ್ತು, ಗಾಡಿ ಉಪ್ಪು, ಬಟ್ಟೆ, ಸುದ್ದಿ ಹೇರಿಕೊಂಡು ಹೋಗುತ್ತಿತ್ತು. ಆ ವ್ಯಾಪಾರ ಎ.ಪಿ.ಎಂ.ಸಿ. ಯಾರ್ಡಿಗೆ ಹೋಯಿತು, ಲಾರಿಗೆ ಹೋಯಿತು. ನಮ್ಮ ಎರಡು ಮನೆಗಳ ಮಟ್ಟಿಗೆ ಪೇಟೆಯ ದಾರಿಯನ್ನು ತೆರೆದು ಇಟ್ಟಿರುವುದು ಈ ಗಾಡಿಯ ಅನಾರೋಗ್ಯ. ಅದು ಬಹಳ ಕೆಡಬಾರದು, ಪೂರ್ತಿ ಗುಣವೂ ಆಗಬಾರದು. ಆಯುಧಪೂಜೆಯ ದಿನ ನಾನು ಅದಕ್ಕೆ ಕುಂಕುಮ ಇಡುವಾಗ ಮಾಡುವ ಪ್ರಾರ್ಥನೆ ಇದೇ.

ಮಾವ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ತೀರ್ಪು ಕೊಟ್ಟರು. “ಹೊಸದು ತಂದ್ರೆ ಬ್ಯಾಂಕ್‌ನೋರು ವರ್ಸಾವರ್ಸಾ ಕಂತು ಕೇಳ್ತಾರೆ. ಇದಕ್ಕೆ ಕಂತಿಲ್ಲ ಕಾಳಿಲ್ಲ, ನಮ್ಮ ಅಳಿಯಂದಿರ ಬಸ್ ಚಾರ್ಜು, ಅಷ್ಟೆ.” ಆ ಬಸ್ ಚಾರ್ಜು ಈವರೆಗೆ ನನ್ನ ಕೈ ಸೇರಿಲ್ಲ. ಅದರ ಬದಲು ಪುಷ್ಯ ಮಾಸ ಬಂತೆಂದರೆ ಮಾಗಡಿಯ ಸೊಗಡು ಅವರೆಕಾಯಿ ಒಂದು ಮೂಟೆ ಅಕ್ಕಿಪೇಟೆಗೆ ಬಂದು ಬೀಳುತ್ತದೆ. ಸುಲಿದು, ನೆನೆಹಾಕಿ, ಒಂದೊಂದನ್ನೇ ಹಿಸುಕಿ ಬೇಳೆ ಮಾಡುವ ಕೂಲಿ ಮತ್ತೆ ನಮ್ಮದೇ.